ಮೌನಯಾತ್ರೆಗೊಂದು ಪೋಂ ಪೋಂ

ಮೌನದ ಬಗ್ಗೆ ಮಾತಾಡುವವನಷ್ಟು ಗದ್ದಲ ಮಾಡುವ ಪ್ರಾಣಿ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಈ ಸತ್ಯ ನಮ್ಮ ವೆರ್ನೆಜೂಲ್ ಊರಿನವರಿಗೆ ತಿಳಿದದ್ದು ನನ್ನ ಭಾವ ಅನ್ಸೆಲ್ಮ್ ಸೈಕಲ್ ಕೊಂಡ ವರ್ಷ.

ಅನ್ಸೆಲ್ಮ್ ನನ್ನ ಅಕ್ಕ ಬ್ಲಾಂದಿನಳ ಗಂಡ. ಪಟ್ಟಣದ ಪುರಸಭೆಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂತು ಕೂತೇ ತಲೆ ಬೋಳಾಗಿ ನಿವೃತ್ತನಾದವನು. ಚರಂಡಿ ಕಟ್ಟಿಕೊಂಡಿದೆ ಎಂದು ಬಂದವರಿಗೂ, ಪಕ್ಕದ ಮನೆಯ ನಾಯಿ ರಾತ್ರಿಯೆಲ್ಲ ಬೊಗಳುತ್ತದೆ ಎಂದು ಬಂದವರಿಗೂ ಅವನ ಉತ್ತರ ಒಂದೇ: "ಗಮನಕ್ಕೆ ಬಂದಿದೆ." ಅಲ್ಲಿಗೆ ಆ ದೂರಿನ ತಿಥಿಯೂ ಮುಗಿಯಿತು ಎಂದು ಪಟ್ಟಣದವರಿಗೆ ಗೊತ್ತಿತ್ತು. ಅವರು ತಲೆಯಾಡಿಸಿ ಮನೆಗೆ ಹೋಗಿ ಚರಂಡಿಯನ್ನು ತಾವೇ ಕೆದಕಿಕೊಳ್ಳುತ್ತಿದ್ದರು. ಭಾವ ತನ್ನ ಇಡೀ ನೌಕರಿಯಲ್ಲಿ ಯಾರಿಗೂ ಆಗುವುದಿಲ್ಲ ಎಂದವನಲ್ಲ. ಯಾರ ಕೆಲಸವನ್ನೂ ಮಾಡಿಕೊಟ್ಟವನೂ ಅಲ್ಲ. ಇಂಥವರನ್ನು ಸರ್ಕಾರ ಹೂಗುಚ್ಛ ಕೊಟ್ಟು ಬೀಳ್ಕೊಡುತ್ತದೆ.

ನಿವೃತ್ತನಾದ ಮೇಲೆ ಅಕ್ಕನ ತವರಿಗೆ, ಅಂದರೆ ನಮ್ಮ ಊರಿಗೆ, ಬಂದು ನೆಲೆಸಿದ. ಬಂದ ಹೊಸತರಲ್ಲೇ ಎಲ್ಲಿಂದಲೋ ಒಂದು ಸೈಕಲ್ ಪತ್ರಿಕೆ ಅವನ ಕೈಗೆ ಸಿಕ್ಕಿತು. ಅದರಲ್ಲಿ ವಾಹನಗಳಿಲ್ಲದ ಬೆಟ್ಟದ ದಾರಿಗಳಲ್ಲಿ ಒಬ್ಬನೇ ಸೈಕಲ್ ತುಳಿಯುವುದರಿಂದ ಆತ್ಮಕ್ಕಾಗುವ ಲಾಭಗಳ ಬಗ್ಗೆ ಬರೆದಿತ್ತಂತೆ. ಮರುವಾರವೇ ಹಸಿರು ಬಣ್ಣದ ಸೈಕಲ್ ಬಂತು. ಹಿಂದಿನ ಚಕ್ರದ ಎರಡೂ ಬದಿಗೆ ಜೋಳಿಗೆ, ಮೈಗೆ ಅಂಟುವ ಚಡ್ಡಿ, ತಲೆಗೆ ಅಣಬೆಯಂಥ ಟೋಪಿ, ಎಲ್ಲವೂ ಬಂದವು. ಬೆಟ್ಟ ಹತ್ತುವ ಕಾಲು ಮಾತ್ರ ಬರುವುದು ಬಾಕಿಯಿತ್ತು.

ವೆರ್ನೆಜೂಲಿನಲ್ಲಿ ಕಾಫಿಗೂ ಮದ್ಯಕ್ಕೂ ಇರುವುದು ನನ್ನದೊಂದೇ ಅಂಗಡಿ. ಹೀಗಾಗಿ ಊರಿನ ಮೂರ್ಖತನಗಳೆಲ್ಲ ನನ್ನ ಕಟ್ಟೆಯ ಮುಂದೆಯೇ ಹುಟ್ಟಬೇಕು. ಭಾವ ದಿನಾ ಸಂಜೆ ಬಂದು, ಕಹಿಬೇರಿನ ಮದ್ಯದ ಲೋಟ ಹಿಡಿದು, ಮೌನದ ಮೇಲೆ ಗಟ್ಟಿಯಾಗಿ ಉಪನ್ಯಾಸ ಕೊಡುತ್ತಿದ್ದ.

"ಫಿರ್ಮ್ಯಾಂ, ನೀವೆಲ್ಲ ಇಲ್ಲೇ ಹುಟ್ಟಿ ಇಲ್ಲೇ ಬೆಳೆದ್ರೂ ಈ ಬೆಟ್ಟದ ಮೌನವನ್ನ ಒಂದು ದಿನಾನೂ ಕೇಳಿಲ್ಲ."

"ನೀನು ಬಾಯಿ ಮುಚ್ಚಿದ್ರೆ ಇವತ್ತೇ ಕೇಳ್ತೀವಿ ಭಾವ," ಎಂದೆ.

ಪಕ್ಕದ ಮೇಜಿನಲ್ಲಿದ್ದ ಮೇಯರ್ ಲಾಬೊರಿ ಮೀಸೆಯಲ್ಲೇ ನಕ್ಕರು. ಬೆಳಿಗ್ಗೆ ಹಸು ಕರೆದು ಮಧ್ಯಾಹ್ನ ಊರಾಳುವ ಮನುಷ್ಯ ಅವರು. ಹುಟ್ಟಿದ್ದು ಮೇಲೆ, ಬೆಟ್ಟದ ಮೇಲಿನ ಲಾ ಫಾಜ್ ಎಂಬ ಹಳ್ಳಿಯಲ್ಲಿ.

"ಮೇಲಿನ ರಸ್ತೆ ಪೂರ್ತಿ ಮೌನ ಅಲ್ಲಪ್ಪಾ," ಎಂದರು ಮೇಯರ್. "ವಾರಕ್ಕೆ ಮೂರು ದಿನ ಒದಿಲಳ ಬ್ರೆಡ್ ವ್ಯಾನ್ ಹೋಗುತ್ತೆ."

"ಅದು ಎಷ್ಟು ದಿನ ಹೋಗುತ್ತೋ ನೋಡೋಣ," ಎಂದಳು ಕಟ್ಟೆಗೊರಗಿ ನಿಂತಿದ್ದ ಒದಿಲ್.

ಒದಿಲ್ ನಮ್ಮೂರ ಬೇಕರಿಯವಳು. ಅವಳಪ್ಪನ ಕಾಲದಿಂದಲೂ ಮೇಲಿನ ಮೂರು ಹಳ್ಳಿಗಳಿಗೆ ಬ್ರೆಡ್ಡು ಹೊತ್ತು ಹೋಗುವುದು ಅವರ ಮನೆತನದ ಕೆಲಸ. ಶಾಲೆ ಮುಚ್ಚಿತು, ಅಂಚೆ ಕಚೇರಿ ಮುಚ್ಚಿತು, ಕೊನೆಗೆ ಪಾದ್ರಿಯೂ ವರ್ಷಕ್ಕೊಮ್ಮೆ ಬರತೊಡಗಿದ. ಒದಿಲಳ ವ್ಯಾನು ಮಾತ್ರ ನಿಂತಿರಲಿಲ್ಲ. ಆದರೆ ಈಚೆಗೆ ಅವಳ ಮನಸ್ಸಿಗೆ ಒಂದು ಹುಳ ಹೊಕ್ಕಿತ್ತು. ಮೇಲಿನವರು ಗುಟ್ಟಾಗಿ ಕಣಿವೆಯ ದೊಡ್ಡ ಅಂಗಡಿಯಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬ್ರೆಡ್ಡು ತರಿಸುತ್ತಾರೆ ಎಂದು ಯಾರೋ ಅವಳ ಕಿವಿಯೂದಿದ್ದರು.

"ನಾನು ಹಾರನ್ ಹೊಡೆದಾಗ ಒಂದು ಬಾಗಿಲೂ ತೆರೀಲಿಲ್ಲ ಅಂದ್ರೆ, ಅವತ್ತೇ ಕೊನೆ," ಎಂದಳು ಒದಿಲ್. "ನಮ್ಮಪ್ಪ ಯಾರ ಬಾಗಿಲೂ ತಟ್ಟಿದವನಲ್ಲ. ನಾನೂ ತಟ್ಟೋಳಲ್ಲ."

ಮೇಯರರ ಮೀಸೆ ಇಳಿಯಿತು. ಮೇಲಿನವರಿಗೆ ಒದಿಲ್ ಎಂದರೆ ಬ್ರೆಡ್ಡು ಮಾತ್ರವಲ್ಲ. ಔಷಧಿ, ಪೇಪರು, ಯಾರು ಸತ್ತರು ಯಾರು ಹೆತ್ತರು ಎಂಬ ಸುದ್ದಿ, ಎಲ್ಲವೂ ಅವಳೇ.

ಭಾವ ಇದಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. "ವ್ಯಾನ್ ಹೋಗೋಕೆ ಮುಂಚೆ ನಾನು ನೆತ್ತಿ ಮೇಲಿರ್ತೀನಿ," ಎಂದು ಘೋಷಿಸಿದ. "ಈ ಮಂಗಳವಾರ. ಮೂರೂ ಹಳ್ಳಿ ಸುತ್ತಿ ಮೌನಯಾತ್ರೆ."

ಅಕ್ಕ ಬ್ಲಾಂದಿನ್ ಒಂದೇ ಷರತ್ತು ಹಾಕಿದಳು. ಆ ರಸ್ತೆಯ ತಿರುವುಗಳಲ್ಲಿ ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್ ಬರುವುದು ಕಾಣುವುದಿಲ್ಲ. "ಹಾರನ್ ಹಾಕ್ಕೋ. ಪ್ರತಿ ತಿರುವಿನಲ್ಲೂ ಹೊಡಿ. ಇಲ್ಲಾಂದ್ರೆ ಗೇಟು ದಾಟ್ಬೇಡ. ನನಗೆ ವಿಧವೆಯ ಕಪ್ಪು ಬಟ್ಟೆ ಒಪ್ಪೋದಿಲ್ಲ."

ಮೌನಯಾತ್ರಿಗೆ ಹಾರನ್! ಭಾವ ದಿನವಿಡೀ ಹಲ್ಲು ಕಡಿದ. ಕೊನೆಗೆ ಊರ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಮುದುಕಿಯ ಮುಂದೆ, ಒಡೆದ ದೀಪಕ್ಕೂ ಕಾಲಿಲ್ಲದ ಕುರ್ಚಿಗೂ ನಡುವೆ, ರಬ್ಬರ್ ಗುಂಡಿನ ಹಿತ್ತಾಳೆ ಹಾರನ್ ಒಂದು ಕಂಡಿತು. ಹಳೆಯ ಕಾಲದ್ದು, ಘನತೆಯದ್ದು ಎಂದು ಕೊಂಡು ತಂದ. ಆ ಮುದುಕಿ ಒದಿಲಳ ತಾಯಿ. ಅವಳ ಗಂಡನ ಕಾಲದ ವ್ಯಾನಿಗೆ ಎಡಕ್ಕೊಂದು ಬಲಕ್ಕೊಂದು ಇಂಥ ಹಾರನ್ ಇದ್ದವು. ಬಲದ್ದು ಒದಿಲಳ ಹೊಸ ವ್ಯಾನಿಗೆ ಹೋಯಿತು, ಎಡದ್ದು ಸಂತೆಗೆ ಬಂತು. ಎರಡಕ್ಕೂ ಒಂದೇ ದನಿ. ಕೆಳಗಿನ ನಮ್ಮೂರಿನಲ್ಲಿ ಒದಿಲ್ ಹಾರನ್ ಹೊಡೆಯುವ ಪದ್ಧತಿಯಿಲ್ಲ, ಇಲ್ಲಿ ಬೇಕರಿಯೇ ಇದೆ. ಹೀಗಾಗಿ ಭಾವ ಆ ದನಿಯನ್ನು ಕೇಳಿಯೇ ಇರಲಿಲ್ಲ. ಅಕ್ಕ ಕೇಳಿದ್ದಳು, ಆದರೆ ಮೌನವ್ರತದವನಾದ ಭಾವ ಮನೆಯಲ್ಲಿ ಅದನ್ನು ಒಮ್ಮೆಯೂ ಒತ್ತಿ ನೋಡಲಿಲ್ಲ. ಕೆಡುವ ಕೆಲಸಕ್ಕೆ ಎಲ್ಲ ಹೇಗೆ ಒದಗಿ ಬರುತ್ತದೆ ನೋಡಿ.

ಮಂಗಳವಾರ ಮೇಲೆ ನಡೆದದ್ದನ್ನು ನಾನು ಎರಡು ಕಡೆಯಿಂದ ಕೇಳಿದ್ದೇನೆ. ಭಾವ ಹೇಳಿದ್ದರಲ್ಲಿ ಅರ್ಧ ಕಳೆದು, ಮೇಲಿನ ಹಳ್ಳಿಯ ಸಿದೋನಿ ಅಜ್ಜಿ ಹೇಳಿದ್ದನ್ನು ಕೂಡಿಸಿ ನಿಮ್ಮ ಮುಂದಿಡುತ್ತೇನೆ.

ಮೊದಲ ಹಳ್ಳಿ ಪ್ರಾದೆಲ್. ಭಾವ ಅಲ್ಲಿಗೆ ತಲುಪುವ ಹೊತ್ತಿಗೆ ಮುಖ ಬೀಟ್‌ರೂಟಾಗಿತ್ತು. ಬಲಕ್ಕೆ ಬಂಡೆ, ಎಡಕ್ಕೆ ಕಲ್ಲಿನ ಗೋಡೆ, ಮುಂದೆ ತಿರುವು. ಹೆಂಡತಿಯ ಕಪ್ಪು ಬಟ್ಟೆ ನೆನಪಾಗಿ ರಬ್ಬರ್ ಗುಂಡನ್ನು ಹಿಂಡಿದ.

ಪೋಂ ಪೋಂ!

ತಿರುವು ದಾಟಿ ನೀರಿನ ತೊಟ್ಟಿಯ ಬಳಿ ಬಂದಾಗ ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ಮುಂದೆ ಸಿದೋನಿ ಅಜ್ಜಿ, ಹಿಂದೆ ಗಂಡ ಹೆಂಡತಿ ಜೋಡಿಯೊಂದು, ಅದರ ಹಿಂದೆ ಊರುಗೋಲಿನ ಮುದುಕ. ಎಲ್ಲರೂ ತೊಟ್ಟಿಯತ್ತ ನಡೆದು ಬಂದರು. ಭಾವನ ಕಣ್ಣು ತುಂಬಿ ಬಂತು. ಸೈಕಲ್ ಪಂದ್ಯದವರು ಹಾದುಹೋಗುವಾಗ ಹಳ್ಳಿಗರು ರಸ್ತೆಗೆ ಬಂದು ಚಪ್ಪಾಳೆ ತಟ್ಟುವುದನ್ನು ಅವನು ಟಿವಿಯಲ್ಲಿ ನೋಡಿದ್ದ. ಅಣಬೆ ಟೋಪಿ ತೆಗೆದು ಬಗ್ಗಿ ನಮಿಸಿದ.

"ಅಯ್ಯೋ, ಇಷ್ಟೆಲ್ಲ ಯಾಕೆ? ನಾನೊಬ್ಬ ಸಾಮಾನ್ಯ ಸವಾರ."

"ಅದು ಕಾಣ್ತಾ ಇದೆ," ಎಂದಳು ಸಿದೋನಿ ಅಜ್ಜಿ. "ಎಲ್ಲಿ?"

"ಕೆಳಗಿಂದ ಬಂದೆ ತಾಯಿ, ಒಂದೇ ಉಸಿರಿಗೆ."

"ನಿನ್ನ ಉಸಿರು ಯಾರಿಗೆ ಬೇಕಯ್ಯಾ? ಬ್ರೆಡ್ಡೆಲ್ಲಿ?"

ಆಗಲೇ ಅವನಿಗೆ ಅವರ ಕೈಯಲ್ಲಿದ್ದ ಬಟ್ಟೆ ಚೀಲಗಳು ಕಂಡದ್ದು. ಪಾಪ, ಹಸಿದ ಜನ ಎಂದುಕೊಂಡ. ಮರುಮಾತಿಲ್ಲದೆ ಜೋಳಿಗೆಗೆ ಕೈಹಾಕಿ ತನ್ನ ಮಧ್ಯಾಹ್ನದ ಊಟದ ಬ್ರೆಡ್ಡನ್ನೇ ತೆಗೆದು ಅಜ್ಜಿಯ ಚೀಲಕ್ಕೆ ಹಾಕಿದ. ಅಜ್ಜಿ ಅದನ್ನು ಹೊರತೆಗೆದು ತಿರುಗಿಸಿ ನೋಡಿದಳು.

"ಅರ್ಧ! ಅದೂ ಕಚ್ಚಿದ್ದು!"

"ದಾರೀಲಿ ಸ್ವಲ್ಪ ಹಸಿವಾಯ್ತು," ಎಂದ ಭಾವ. ಸತ್ಯವಂತನೇ.

"ಒದಿಲ್ ಎಲ್ಲಿ ಹೋದ್ಲು?"

"ಕೆಳಗಿದ್ದಾರೆ. ಆರೋಗ್ಯವಾಗಿದ್ದಾರೆ."

"ವ್ಯಾನು?"

ವ್ಯಾನಿನ ಹೆಸರು ಕೇಳಿದ್ದೇ ಭಾವನೊಳಗಿನ ಪ್ರವಾದಿ ಎಚ್ಚೆತ್ತ. "ಇಂಥಾ ದಾರೀಲಿ ವ್ಯಾನ್ ಯಾಕೆ ತಾಯಿ? ಹೊಗೆ, ಗದ್ದಲ! ಇನ್ಮೇಲೆ ಈ ಬೆಟ್ಟಕ್ಕೆ ಸೈಕಲ್ಲೇ ಸರಿ."

"ಇನ್ಮೇಲೆ ಸೈಕಲ್ಲೇನಾ?"

"ಸೈಕಲ್ಲೇ!"

ಪ್ರಾದೆಲ್ಲಿನ ಜನ ಮುಖ ಮುಖ ನೋಡಿಕೊಂಡರು. ಊರುಗೋಲಿನ ಮುದುಕ ನೆಲಕ್ಕೆ ಉಗಿದ. ಸಿದೋನಿ ಅಜ್ಜಿ ಬೆರಳೆತ್ತಿದಳು. "ಗುರುವಾರ ನನಗೊಂದು ದೊಡ್ಡ ಕಪ್ಪು ಬ್ರೆಡ್ಡು. ಇಡೀದು. ನಿನ್ನ ಹಲ್ಲು ತಾಗದೇ ಇರೋದು."

ಕಿಟಕಿಯ ಹಿಂದೆ ಕೂತು ಕಲಿತ ವಿದ್ಯೆ ಸುಮ್ಮನಿರುತ್ತದೆಯೇ? "ಗಮನಕ್ಕೆ ಬಂದಿದೆ," ಎಂದ ಭಾವ. ಪಟ್ಟಣದಲ್ಲಿ ಆ ಮಾತಿಗೆ ಏನು ಬೆಲೆ ಎಂದು ಹೇಳಿದೆನಲ್ಲ. ಬೆಟ್ಟದ ಜನಕ್ಕೆ ಮಾತು ಎಂದರೆ ಮಾತು.

ಅವನು ಮುಂದಿನ ಏರು ಹತ್ತುವಷ್ಟರಲ್ಲಿ ಅಜ್ಜಿಯ ಫೋನು ಲಾ ಫಾಜ್ ಮುಟ್ಟಿತ್ತು. ಒದಿಲ್ ವ್ಯಾನು ಮಾರಿದಳಂತೆ, ಒಬ್ಬ ಬೋಳುತಲೆ ಮುದುಕನಿಗೆ ಸೈಕಲ್ ಕೊಟ್ಟು ಕಳಿಸಿದ್ದಾಳಂತೆ, ಮನೆಗೆ ಅರ್ಧ ಬ್ರೆಡ್ಡಂತೆ, ಆ ಅರ್ಧದಲ್ಲೂ ಅವನದೊಂದು ತುತ್ತಂತೆ. ಲಾ ಫಾಜಿನಲ್ಲಿ ಜನ ಮೊದಲೇ ರಸ್ತೆಗೆ ಬಂದು ನಿಂತಿದ್ದರು. ಒಬ್ಬಾಕೆ ಎರಡು ಬ್ರೆಡ್ಡಿನ ಜೊತೆಗೆ ಕೆಮ್ಮಿನ ಔಷಧಿಯನ್ನೂ ಹೇಳಿದಳು. ಗಮನಕ್ಕೆ ಬಂತು. ನೆತ್ತಿಯ ಮೇಲಿನ ಕೋಂಬ್ನೇರಿನಲ್ಲಿ ಒಬ್ಬ ದಾಂಡಿಗ ರೈತ ಗ್ಯಾಸ್ ಸಿಲಿಂಡರ್ ತರಬೇಕೆಂದ. ಭಾವ ಒಮ್ಮೆ ಸೈಕಲ್ ನೋಡಿದ, ಒಮ್ಮೆ ರೈತನ ತೋಳು ನೋಡಿದ. ಅದೂ ಗಮನಕ್ಕೆ ಬಂತು.

"ಈ ವಯಸ್ಸಲ್ಲಿ ಇಷ್ಟು ಎತ್ತರ ತುಳ್ಕೊಂಡು ಬಂದ್ಯಲ್ಲ, ಭಲೇ!" ಎಂದನಂತೆ ಆ ರೈತ. ಈ ಒಂದು ಮಾತು ಬಿದ್ದ ಮೇಲೆ ಭಾವನ ಕಿವಿಗೆ ಬೇರೆ ಮಾತು ಹೋಗಲಿಲ್ಲ. ಬೆಟ್ಟದ ಹಿಂದಿನ ದಾರಿ ಹಿಡಿದು, ಆ ಭಲೇಯನ್ನು ಚಪ್ಪರಿಸುತ್ತ ಇಳಿಯತೊಡಗಿದ.

ಅದೇ ಹೊತ್ತಿಗೆ ಒದಿಲಳ ವ್ಯಾನು ಪ್ರಾದೆಲ್ ತಲುಪಿತು. ಪೋಂ ಪೋಂ!

ಸಿದೋನಿ ಅಜ್ಜಿ ಒಲೆಯ ಮುಂದಿನಿಂದ ಏಳಲಿಲ್ಲ. "ಮತ್ತೆ ಬಂದ ನೋಡು, ಉಳಿದರ್ಧ ಕೊಡೋಕೆ," ಎಂದು ಬೆಕ್ಕಿಗೆ ಹೇಳಿದಳು. ಊರುಗೋಲಿನ ಮುದುಕ ಕಿಟಕಿಯ ಬಾಗಿಲನ್ನೂ ಎಳೆದುಕೊಂಡ. ಒದಿಲ್ ಮತ್ತೆ ಹೊಡೆದಳು. ತೊಟ್ಟಿಯ ನೀರು ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಲಾ ಫಾಜಿನಲ್ಲೂ ಅಷ್ಟೆ, ಕೋಂಬ್ನೇರಿನಲ್ಲೂ ಅಷ್ಟೆ. ನಮ್ಮ ಭಾವ ಹುಡುಕಿಕೊಂಡು ಹೋದ ಆ ಮಹಾಮೌನ ಸಿಕ್ಕಿದ್ದು ಪಾಪ ಒದಿಲಳಿಗೆ.

ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಹೊರಗೆ ನಿಂತ ವ್ಯಾನಿನ ತುಂಬ ಬೆಳಿಗ್ಗೆ ತುಂಬಿದ ಬ್ರೆಡ್ಡು ಹಾಗೇ ಇತ್ತು.

"ಒಬ್ಬರೂ ಬರ್ಲಿಲ್ಲ ಫಿರ್ಮ್ಯಾಂ. ಸಿದೋನಿ ಅಜ್ಜಿ ಕೂಡ." ಒದಿಲ್ ಮೂಗೊರೆಸಿಕೊಂಡಳು. "ಪ್ಲಾಸ್ಟಿಕ್ ಬ್ರೆಡ್ಡೇ ರುಚಿಯಾಯ್ತು ಅವ್ರಿಗೆ. ಮುಗೀತು. ಇನ್ನು ನಾನು ಆ ಬೆಟ್ಟ ಹತ್ತಲ್ಲ."

"ಒದಿಲ್, ದುಡುಕಬೇಡಮ್ಮಾ," ಎಂದರು ಮೇಯರ್. "ನೀನೂ ನಿಲ್ಸಿದ್ರೆ ಮೇಲಿನವರನ್ನ ಒಬ್ಬೊಬ್ಬರಾಗಿ ವೃದ್ಧಾಶ್ರಮಕ್ಕೆ ಇಳಿಸ್ಬೇಕಾಗುತ್ತೆ. ಆಮೇಲೆ ಮೂರು ಹಳ್ಳಿಗೂ ನಾನೇ ಬೀಗ ಹಾಕ್ಬೇಕು."

"ಬಾಗಿಲು ಹಾಕ್ಕೊಂಡಿದ್ದು ನಾನಲ್ಲ."

ಅಕ್ಕ ಬ್ಲಾಂದಿನ್ ಅವಳಿಗೆ ಕಾಫಿ ಬಗ್ಗಿಸುತ್ತಿದ್ದಳು. ಆಗ ಬೀದಿಯ ತುದಿಯಿಂದ ಕೇಳಿಸಿತು.

ಪೋಂ ಪೋಂ!

ಮೇಯರ್ ಲಾಬೊರಿ ಎದ್ದು ನಿಂತು, ಕುರ್ಚಿಯ ಹಿಂದೆ ಬಟ್ಟೆ ಚೀಲಕ್ಕಾಗಿ ತಡಕಾಡಿದರು. ಹುಟ್ಟಿದಂದಿನಿಂದ ಬಂದ ಅಭ್ಯಾಸ, ಕಾಲು ಯಾರನ್ನೂ ಕೇಳದೆ ಎದ್ದಿತ್ತು. ಅರ್ಧ ದಾರಿಗೆ ಹೋದವರು ನಿಂತು, ತಮ್ಮ ಬರಿಗೈ ನೋಡಿಕೊಂಡು, ಆಮೇಲೆ ಒದಿಲಳನ್ನು ನೋಡಿದರು. ಒದಿಲ್ ಕಿಟಕಿಯಾಚೆಗಿನ ತನ್ನ ವ್ಯಾನನ್ನು ನೋಡಿದಳು. ವ್ಯಾನಿನಲ್ಲಿ ಯಾರೂ ಇರಲಿಲ್ಲ. ಅಕ್ಕನ ಕಾಫಿ ಲೋಟ ತುಂಬಿ ಮೇಜಿಗೆ ಹರಿಯಿತು.

ಬಾಗಿಲಲ್ಲಿ ಭಾವ ಪ್ರತ್ಯಕ್ಷನಾದ. ಬಂದವನೇ ತೋಳು ಚಾಚಿದ. "ಎಂಥಾ ಜನ ಫಿರ್ಮ್ಯಾಂ, ಎಂಥಾ ಜನ! ನಾನು ಹಾರನ್ ಹೊಡೆದದ್ದೇ ತಡ, ಊರಿಗೆ ಊರೇ ಎದುರುಗೊಳ್ಳೋಕೆ ಬಂತು! ಕೈಯಲ್ಲಿ ಚೀಲ ಹಿಡ್ಕೊಂಡು..."

ಅವನ ಮಾತು ತಾನಾಗಿಯೇ ಮೆಲ್ಲಗಾಯಿತು.

"ಚೀಲ ಹಿಡ್ಕೊಂಡು," ಎಂದಳು ಅಕ್ಕ. "ಯಾವ ಹಾರನ್ ಹಾಕ್ಕೊಂಡೆ ನೀನು?"

ಒದಿಲ್ ಹೊರಗೆ ಹೋದಳು, ವ್ಯಾನಿನಿಂದ ಒಂದು ದೊಡ್ಡ ಬ್ರೆಡ್ಡು ತಂದಳು, ಭಾವನ ಮುಂದಿನ ಮೇಜಿನ ಮೇಲೆ ಅದನ್ನು ಬೋರಲು ಇಟ್ಟಳು.

ನಮ್ಮಲ್ಲಿ ಬೈಗುಳಕ್ಕೆ ಬರವಿಲ್ಲ, ಆದರೆ ಎಲ್ಲ ಬೈಗುಳ ಒಂದು ತೂಕ, ಬೋರಲು ಬ್ರೆಡ್ಡೇ ಒಂದು ತೂಕ. ರಾಜರ ಕಾಲದಲ್ಲಿ ತಲೆ ಕಡಿಯುವ ಕಟುಕನ ಪಾಲಿನ ಬ್ರೆಡ್ಡನ್ನು ಬೇಕರಿಯವರು ಹೀಗೆ ಬೆನ್ನಡಿ ಮಾಡಿ ಬೇರೆ ಇಡುತ್ತಿದ್ದರು, ಇನ್ಯಾರೂ ಮುಟ್ಟದಿರಲಿ ಎಂದು. ನನ್ನಜ್ಜಿಯಂತೂ ಎಲ್ಲಾದರೂ ಬ್ರೆಡ್ಡು ಮಗುಚಿದ್ದು ಕಂಡರೆ ಕಂಕುಳಲ್ಲಿದ್ದ ಕೂಸನ್ನು ಕೆಳಗಿಳಿಸಿ ಮೊದಲು ಅದನ್ನು ಸರಿ ಮಾಡುತ್ತಿದ್ದಳು. ಭಾವ ಬ್ರೆಡ್ಡನ್ನು ತಿರುಗಿಸಿಟ್ಟ. ಒದಿಲ್ ಮತ್ತೆ ಬೋರಲು ಹಾಕಿದಳು. ಅವನು ಇನ್ನೊಮ್ಮೆ ಮುಟ್ಟಲಿಲ್ಲ.

ಮೇಯರ್ ನನ್ನ ಅಂಗಡಿಯ ಫೋನಿನಿಂದಲೇ ಸಿದೋನಿ ಅಜ್ಜಿಗೆ ಮಾಡಿದರು. ಅಜ್ಜಿಯ ದನಿ ನಮಗೆಲ್ಲ ಕೇಳಿಸಿತು.

"ನಾವು ಬೇಡವಾದ್ವಿ ಅಂತ ಹೇಳೋಕೆ ಅವಳಿಗೇ ಬಾಯಿಲ್ವಾ? ಎಂಜಲು ಬ್ರೆಡ್ಡು ಕಳಿಸ್ತಾಳೆ! ನಾನು ಅವಳಪ್ಪನ ಮೊದಲ ಗಿರಾಕಿ ಕಣಯ್ಯಾ! ಫೋನಲ್ಲಿ ಮಾತು ಬೇಡ. ಯಾರಿಗೆ ಮುಖ ಇದೆಯೋ ಅವ್ರು ಬಂದು ಹೇಳ್ಲಿ." ಫೋನು ಕುಕ್ಕಿದ ಸದ್ದು.

"ನಾನ್ಯಾಕೆ ಹೋಗ್ಲಿ?" ಎಂದಳು ಒದಿಲ್. "ಹೋಗಿದ್ದೆ. ಹಾರನ್ ಹೊಡೆದೆ. ಅವ್ರು ಬರ್ಲಿಲ್ಲ. ಯಾರು ಪೋಂ ಪೋಂ ಅಂದನೋ ಅವನೇ ಬ್ರೆಡ್ಡು ಹೊರಲಿ."

ಎರಡೂ ಕಡೆ ಕತ್ತಿನ ನರ ಬಿಗಿದಿತ್ತು, ತಗ್ಗಿಸುವವರಿಲ್ಲ. ಮೇಯರ್ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಅವರು ಸರ್ಕಾರಿ ಮುಖ ಹಾಕುವುದು ಮದುವೆ ಮಾಡಿಸುವಾಗ ಮತ್ತು ಹೂಳುವಾಗ ಮಾತ್ರ, 'ಮೊಸ್ಯೊ' ಎಂಬ ಮರ್ಯಾದೆಯ ಮಾತು ಹೊರಬರುವುದೂ ಆಗಲೇ. "ಮೊಸ್ಯೊ ಅನ್ಸೆಲ್ಮ್, ಗುರುವಾರ ಬೆಳಿಗ್ಗೆ ನೀವು ಬ್ರೆಡ್ಡು ಹೊತ್ಕೊಂಡು ಮೇಲೆ ಹೋಗಿ, ತಪ್ಪು ನಿಮ್ಮದು ಅಂತ ಒಪ್ಕೊಂಡು ಬರ್ತೀರಿ."

"ಗಮನಕ್ಕೆ ಬಂ..."

"ಗಮನ ಗಿಮನ ಏನಿಲ್ಲ!" ಎಂದು ಗುಡುಗಿದಳು ಅಕ್ಕ. "ಹೋಗ್ತೀಯ!"

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಮ್ಮ ಭಾವ ಮಾಡಿದ್ದನ್ನು ಹೊರಬೇಕಾಯಿತು. ಗುರುವಾರ ಬೆಳಿಗ್ಗೆ ಎರಡು ಜೋಳಿಗೆಯೂ ತುಂಬಿದವು, ಬೆನ್ನಿಗೊಂದು ಚೀಲ ಏರಿತು, ಹಿಡಿಕೆಯ ಮುಂದೆ ಕಟ್ಟಿದ ಅಕ್ಕನ ಕೋಳಿ ಬುಟ್ಟಿಯಲ್ಲೂ ಬ್ರೆಡ್ಡು ನಿಂತಿತು. ಹಿತ್ತಾಳೆ ಹಾರನ್ ಅನ್ನು ಒದಿಲ್ ತಾನೇ ಬಿಚ್ಚಿಕೊಂಡು ಹೋದಳು. ಕೆಮ್ಮಿನ ಔಷಧಿಯನ್ನು ಅಕ್ಕ ನೆನಪಿಸಿದಳು. ಗ್ಯಾಸ್ ಸಿಲಿಂಡರ್ ವಿಷಯ ಯಾರೂ ಎತ್ತಲಿಲ್ಲ, ದೇವರು ದೊಡ್ಡವನು. ಭಾವ ಸೈಕಲ್ ತುಳಿಯಲಿಲ್ಲ, ತಳ್ಳಿದ. ಒಂದೊಂದು ತಿರುವಿನಲ್ಲೂ ನಿಂತು, ಈ ಬೆಟ್ಟವನ್ನು ಇಷ್ಟು ನೆಟ್ಟಗೆ ನಿಲ್ಲಿಸಿದವನಿಗೆ ಒಂದು ದೂರು ಸಲ್ಲಿಸಿದ.

ಪ್ರಾದೆಲ್ಲಿನ ತೊಟ್ಟಿಯ ಬಳಿ ಸೈಕಲ್ಲನ್ನು ಒರಗಿಸಿ ಕಾದ. ಯಾರೂ ಬರಲಿಲ್ಲ. ಕೆಮ್ಮಿದ. ಬರಲಿಲ್ಲ. ಮನೆಗಳ ಹೊಗೆಗೂಡಿನಲ್ಲಿ ಹೊಗೆಯಿತ್ತು, ಜನ ಒಳಗೇ ಇದ್ದರು. ಬಾಗಿಲು ತಟ್ಟಲು ಕೈಯೆತ್ತಿದ. ಒದಿಲಳ ಅಪ್ಪ ಯಾರ ಬಾಗಿಲೂ ತಟ್ಟಿದವನಲ್ಲ ಎಂಬುದು ನೆನಪಾಗಿ ಇಳಿಸಿದ. ಸುತ್ತ ಪತ್ರಿಕೆಯಲ್ಲಿ ಬರೆದಿದ್ದಂಥದೇ ಅಪ್ಪಟ ಮೌನ. ಅವನಿಗೆ ಅದನ್ನು ಕೇಳಿ ಅಳು ಬಂತು. ಎರಡು ದಿನದಿಂದ ಈ ಮನೆಗಳಲ್ಲಿ ಬ್ರೆಡ್ಡಿಲ್ಲ, ಅದಕ್ಕೆ ಕಾರಣ ನಾನು ಎಂಬುದು ಆ ಮೌನದಲ್ಲಿ ಅವನಿಗೆ ಚೆನ್ನಾಗಿ ಕೇಳಿಸಿತಂತೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ. ಭಾವ ಅತ್ತಿತ್ತ ನೋಡಿ, ಎದೆ ತುಂಬ ಗಾಳಿ ಎಳೆದು, ಎರಡು ಕೈಯನ್ನೂ ಬಾಯಿಗೆ ಹಿಡಿದು ಕೂಗಿದ.

"ಪೋಂ ಪೋಂ!"

ಒಂದು ನಾಯಿ ಬೊಗಳಿತು.

"ಪೋಂ ಪೋಂ! ಪೋಂ ಪೋಂ! ಪೋಂ..."

ಬಾಗಿಲು ತೆರೆಯಿತು. "ಅದೇನು, ಕರು ಹಾಕ್ತಾ ಇದೀಯಾ?" ಎಂದಳು ಸಿದೋನಿ ಅಜ್ಜಿ.

"ಬ್ರೆಡ್ಡು ತಾಯಿ. ಇಡೀದು." ಭಾವನ ಗಂಟಲು ಒಡೆದಿತ್ತು. "ತಪ್ಪು ನನ್ನದು. ಒದಿಲ್ ನನ್ನನ್ನ ಕಳಿಸಿರ್ಲಿಲ್ಲ. ವ್ಯಾನೂ ಮಾರಿಲ್ಲ. ನಾನು ಸುಮ್ನೆ ತಿರುಗಾಡೋಕೆ ಬಂದಿದ್ದೆ, ಹಾರನ್ ಅವರದ್ದು ಅಂತ ಗೊತ್ತಿರ್ಲಿಲ್ಲ. ಆಮೇಲೆ ಅವ್ರೇ ಬಂದ್ರು, ನಾನು ಅಂದ್ಕೊಂಡು ನೀವು ಯಾರೂ ಹೊರಗೆ ಬರ್ಲಿಲ್ಲ. ಅವ್ರು ಅತ್ತರು."

"ಒದಿಲ್ ಅತ್ತಳಾ?"

"ಅತ್ತರು. ಇನ್ನು ಬೆಟ್ಟ ಹತ್ತಲ್ಲ ಅಂತಾರೆ."

ಅಜ್ಜಿ ತೊಟ್ಟಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ತುಂಬ ಹೊತ್ತು ಚೀಲವನ್ನು ಮಡಚಿದಳು, ಬಿಚ್ಚಿದಳು. "ವಾರಕ್ಕೆ ಮೂರು ಸಲ ಆ ಹಾರನ್ ಕೇಳಿದ್ರೆ, ನಾನಿನ್ನೂ ಲೆಕ್ಕದಲ್ಲಿದೀನಿ ಅನ್ಸುತ್ತೆ ಕಣಯ್ಯಾ," ಎಂದಳು. "ಅವಳು ಬಂದಾಗ ನಾನು ಒಲೆ ಮುಂದೆ ಕೂತಿದ್ದೆ. ಕೇಳಿಸ್ಕೊಂಡೇ ಕೂತಿದ್ದೆ."

ಆಮೇಲೆ ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಅವಳೇ ನೆಲಮಾಳಿಗೆಯಲ್ಲಿ ಮಾಗಿಸಿದ ಚೀಸಿನ ಗುಂಡು ಇತ್ತು. ಸ್ವಂತ ಅಳಿಯನಿಗೂ ಆ ಗುಂಡಿನಿಂದ ಒಂದು ಸೀಳು ಕೊಟ್ಟವಳಲ್ಲ ಎಂದು ಇಡೀ ಬೆಟ್ಟಕ್ಕೆ ಗೊತ್ತು. "ಇದು ಅವಳಿಗೆ. ನೀನು ಮೂಸಿ ನೋಡಿದ್ರೂ ನನಗೆ ಗೊತ್ತಾಗುತ್ತೆ."

ಬೆಟ್ಟದವರು ಕ್ಷಮಿಸಿ ಎಂದು ಬಾಯಲ್ಲಿ ಹೇಳುವುದಿಲ್ಲ, ಬುಟ್ಟಿಯಲ್ಲಿ ಹೇಳುತ್ತಾರೆ. ಊರುಗೋಲಿನ ಮುದುಕ ಮೊಟ್ಟೆ ತಂದ. ಲಾ ಫಾಜಿನಲ್ಲಿ ಎಲೆಕೋಸು, ಆಲೂಗಡ್ಡೆ, ಜೇನು. ಕೋಂಬ್ನೇರಿನ ದಾಂಡಿಗ ಸಿಲಿಂಡರ್ ಎಲ್ಲಿ ಎಂದು ಮೊದಲು ಕೇಳಿ, ವಿಷಯ ತಿಳಿದ ಮೇಲೆ ಜೀವಂತ ಕೋಳಿಯೊಂದನ್ನು ತಂದು ಬುಟ್ಟಿಗೆ ತುರುಕಿದ. ಭಾವ ಬ್ರೆಡ್ಡು ಹೊತ್ತು ಹತ್ತಿದ್ದಕ್ಕಿಂತ ದುಪ್ಪಟ್ಟು ಭಾರ ಹೊತ್ತು ಇಳಿಯತೊಡಗಿದ.

ಹತ್ತುವಾಗ ಶತ್ರುವಾಗಿದ್ದ ಬೆಟ್ಟ ಇಳಿಯುವಾಗ ಅತಿಸ್ನೇಹ ತೋರಿಸಿತು. ಬ್ರೇಕು ಹಿಡಿದರೆ ಕಿರುಚಿತೇ ಹೊರತು ನಿಲ್ಲಲಿಲ್ಲ. ಮುಂದೆ ಕೋಳಿ ರೆಕ್ಕೆ ಬಡಿಯುತ್ತಿದೆ, ಹಿಂದೆ ಎಲೆಕೋಸು ಉರುಳುತ್ತಿದೆ, ಹಾರನ್ ಇಲ್ಲ, ಎದುರಿಗೆ ತಿರುವು. ಮೌನದ ಪ್ರವಾದಿ ಬೆಟ್ಟದುದ್ದಕ್ಕೂ ಬಾಯಿ ಹರಿಯುವಂತೆ "ಪೋಂ ಪೋಂ! ಪೋಂ ಪೋಂ!" ಎಂದು ಅರಚುತ್ತ ಬಂದ. ಹುಲ್ಲುಗಾವಲಿನ ಹಸುಗಳು ಮೇಯುವುದು ಬಿಟ್ಟು ಬೇಲಿಗೆ ಬಂದವು.

ಪ್ರಾದೆಲ್ಲಿನ ಕೆಳಗಿನ ತಿರುವಿನಲ್ಲಿ ಒದಿಲಳ ವ್ಯಾನು ಏರುತ್ತಿತ್ತು. ಹತ್ತುವುದಿಲ್ಲ ಎಂದವಳು ಯಾಕೆ ಬಂದಳೋ. ಮುದುಕ ಎದೆಯೊಡೆದು ಸತ್ತರೆ ತನ್ನ ಬ್ರೆಡ್ಡಿಗೆ ಕೆಟ್ಟ ಹೆಸರು ಎಂದು ಆಮೇಲೆ ಹೇಳಿದಳು, ನಾವು ನಂಬಿದೆವು. ಬಂಡೆಯ ಆಚೆಯಿಂದ ಮನುಷ್ಯನ ಗಂಟಲಿನ ಪೋಂ ಪೋಂ ಕೇಳಿದ್ದೇ ಅವಳು ಗಾಡಿಯನ್ನು ಬದಿಗೆ ಒತ್ತಿ ನಿಲ್ಲಿಸಿದಳು. ಹಸಿರು ಸೈಕಲ್ ವ್ಯಾನನ್ನು ಸವರಿಕೊಂಡು ಹೋಗಿ ನೇರ ಹುಲ್ಲಿನ ಮೆದೆಗೆ ನುಗ್ಗಿತು. ಕೋಳಿ ವ್ಯಾನಿನ ಮೂತಿಯ ಮೇಲೆ ಕೂತು ಸುತ್ತ ನೋಡಿತು.

ಒದಿಲ್ ಇಳಿದು ಬಂದಾಗ ಭಾವ ಮೆದೆಯೊಳಗಿಂದ ಒಂದು ಕೈ ಮಾತ್ರ ಹೊರಗೆ ಚಾಚಿದ್ದ. ಆ ಕೈಯಲ್ಲಿ ಚೀಸಿನ ಗುಂಡಿತ್ತು, ಗೀರು ಕೂಡ ಆಗಿರಲಿಲ್ಲ.

"ಸಿದೋನಿ ಅಜ್ಜಿ ಕೊಟ್ಟಿದ್ದು," ಎಂದಿತು ಮೆದೆ. "ನಾನು ಮೂಸಿಲ್ಲ."

ಒದಿಲ್ ಆ ಗುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ರಸ್ತೆಯಲ್ಲಿ ನಿಂತಳು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಭಾವನ ತೋಳು ಹಿಡಿದು ಹೊರಗೆಳೆದಳು. "ಹತ್ತಯ್ಯಾ ಗಾಡಿ," ಎಂದಳು. "ಮೊದ್ಲು ಅಜ್ಜಿಯನ್ನ ನೋಡ್ಬೇಕು."

ಆ ಮಧ್ಯಾಹ್ನ ಮೇಲೆ ಒದಿಲ್ ಮತ್ತು ಅಜ್ಜಿ ಏನು ಮಾತಾಡಿಕೊಂಡರೋ ಭಾವನಿಗೆ ಗೊತ್ತಿಲ್ಲ. ಅವನನ್ನು ವ್ಯಾನಿನಲ್ಲೇ ಕೂರಿಸಿ ಕೋಳಿ ಕಾಯಲು ಹೇಳಿದ್ದರಂತೆ. ಸಂಜೆ ಒದಿಲ್, ಭಾವ ಇಬ್ಬರೂ ನನ್ನ ಅಂಗಡಿಗೆ ಬಂದರು. ಮಂಗಳವಾರದ ಆ ಬ್ರೆಡ್ಡು ಇನ್ನೂ ಅದೇ ಮೇಜಿನ ಮೇಲೆ ಬೋರಲಾಗಿಯೇ ಬಿದ್ದಿತ್ತು. ಇಟ್ಟವಳೇ ತೆಗೆಯಬೇಕು, ಬೇರೆಯವರಿಗೆ ಧೈರ್ಯವಿರಲಿಲ್ಲ. ಒಣಗಿ ಕಲ್ಲಾಗಿತ್ತು. ಒದಿಲ್ ಅದನ್ನು ಎತ್ತಿ ಕೋಳಿಗೆ ಹಾಕಿ, ಕಂಕುಳಲ್ಲಿದ್ದ ಹೊಸ ಬ್ರೆಡ್ಡನ್ನು ಭಾವನ ಮುಂದಿಟ್ಟಳು. ಮೇಯರೂ ಅಕ್ಕನೂ ನಾನೂ ಬಗ್ಗಿ ನೋಡಿದೆವು. ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಸರಿಯಾಗಿಯೇ ಇತ್ತು.

"ಶನಿವಾರ ಬೆಳಿಗ್ಗೆ ಬೇಕರಿ ಹತ್ರ ಬನ್ನಿ ಮೊಸ್ಯೊ," ಎಂದಳು ಒದಿಲ್. "ಹಾರನ್ ಬೇಡವಂತೆ ಸಿದೋನಿ ಅಜ್ಜಿಗೆ. ಕಿವುಡಿ ಬೇರೆ ಆಗ್ತಾ ಇದಾಳಂತೆ, ನಿಮ್ಮ ಬಾಯೇ ಚೆನ್ನಾಗಿ ಕೇಳಿಸುತ್ತಂತೆ. ನೀವು ವ್ಯಾನಲ್ಲಿ ಕಿಟಕಿ ಪಕ್ಕ ಕೂತು ಕೂಗ್ಬೇಕು."

ಭಾವ ಅಭ್ಯಾಸಬಲದಿಂದ ಬಾಯಿ ತೆರೆದ. "ಗಮನಕ್ಕೆ..."

ಒದಿಲಳ ಕೈ ಮೆಲ್ಲಗೆ ಬ್ರೆಡ್ಡಿನ ಕಡೆ ಚಾಚಿತು.

"ಬರ್ತೀನಿ!" ಎಂದ ಭಾವ.